ಮಾತ್ರೆ ಮೇಷ್ಟ್ರ ಅರ್ಧ ತಪ್ಪೊಪ್ಪಿಗೆ

ನಮ್ಮ ಚರ್ಚಿನ ಸಭೆಯ ಯುವಕರ ಕೂಟದವರು ಮನೆಗೆ ಬಂದು, 'ದೇವರ ವಾಕ್ಯವನ್ನು ಕೆಲಸದ ಜಾಗದಲ್ಲಿ ಪಾಲಿಸೋದು ಹೇಗೆ ಅಂತ ನಾಲ್ಕು ಮಾತು ಬರೆದುಕೊಡಿ ಅಂಕಲ್' ಎಂದರು. ಅವರಲ್ಲಿ ಇಬ್ಬರು ನರ್ಸಿಂಗ್ ಓದುತ್ತಿದ್ದಾರೆ. ಒಬ್ಬ ಆಗಲೇ ಆರೋಗ್ಯ ಇಲಾಖೆಗೆ ಸೇರಿದ್ದಾನೆ. ಅವರಿಗೆ ಬೇಕಾಗಿದ್ದುದು ಏನೆಂದು ನನಗೆ ಗೊತ್ತು. ಪ್ರಾರ್ಥನೆ ಮಾಡಿ ಕೆಲಸ ಶುರುಮಾಡಿ, ಮೇಲಿನವರಿಗೆ ವಿಧೇಯರಾಗಿರಿ, ರೋಗಿಗಳನ್ನು ನಗುಮುಖದಿಂದ ಮಾತಾಡಿಸಿ, ದೇವರು ಆಶೀರ್ವದಿಸುತ್ತಾನೆ. ಇಷ್ಟನ್ನು ಬರೆದು ಕೊಟ್ಟಿದ್ದರೆ ಅಚ್ಚುಹಾಕಿ ಭಾನುವಾರ ಹಂಚುತ್ತಿದ್ದರು. ಎರಡು ಸಲ ಕೂತು ಬರೆದೆ, ಎರಡು ಸಲವೂ ಹರಿದು ಹಾಕಿದೆ. ಮೇಲಿನವರಿಗೆ ವಿಧೇಯನಾಗಿದ್ದ ದಿನವೇ ನಾನು ಜೀವಮಾನದ ಅತಿ ಕೆಟ್ಟ ಕೆಲಸ ಮಾಡಿದ್ದು. ಅದನ್ನು ಬಿಟ್ಟು ಬೇರೆ ಏನು ಬರೆದರೂ ಸುಳ್ಳಾಗುತ್ತದೆ.

ನಾನು ಸರ್ಕಾರದ ಕುಷ್ಠರೋಗ ನಿಯಂತ್ರಣ ಘಟಕದಲ್ಲಿ ಕೆಲಸಗಾರನಾಗಿದ್ದವನು. ಡಾಕ್ಟರಲ್ಲ. ಸೈಕಲ್ ಮೇಲೆ ಹಳ್ಳಿ ಹಳ್ಳಿ ಸುತ್ತಿ, ಮನೆ ಮನೆ ಹೊಕ್ಕು, ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆ ಇರುವವರನ್ನು ಹುಡುಕಿ, ಹೆಸರು ಬರೆದುಕೊಂಡು ಮಾತ್ರೆ ಕೊಡುವವನು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಸೇರಿದೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಆಮೇಲೆ ಜಗಳೂರು. ಆಗ ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು, ಉಳಿದವು ಶಿವಮೊಗ್ಗಕ್ಕೆ. ಹಳ್ಳಿಯವರು ನನ್ನನ್ನು 'ಮಾತ್ರೆ ಮೇಷ್ಟ್ರು' ಎನ್ನುತ್ತಿದ್ದರು. ರೋಗದ ಹೆಸರನ್ನು ಬಾಯಿಬಿಟ್ಟು ಹೇಳಲಾರದೆ ಕಂಡುಕೊಂಡ ಹೆಸರು ಅದು.

ತರಬೇತಿಯಲ್ಲಿ ನಮಗೆ ಮೊದಲು ಕಲಿಸಿದ್ದು ಕೈಯಿಂದ ಮುಟ್ಟಿ ನೋಡುವುದು. ಮೊಣಕೈ ಹಿಂದಿನ ನರ ದಪ್ಪವಾಗಿದೆಯೇ ಎಂದು ಬೆರಳಿಂದಲೇ ತಿಳಿಯಬೇಕು, ಬೇರೆ ದಾರಿ ಇಲ್ಲ. ಆದರೆ ನಮ್ಮ ಘಟಕದ ದೊಡ್ಡ ಡಾಕ್ಟರು, ಅವರ ಹೆಸರು ಬೇಡ, ರೋಗಿಗಳನ್ನು ಬೆತ್ತದ ತುದಿಯಿಂದ ತಿರುಗಿಸಿ ನೋಡುತ್ತಿದ್ದರು. 'ಆ ಕಡೆ ತಿರುಗು' ಎಂದು ಬೆತ್ತದಿಂದ ಭುಜಕ್ಕೆ ಒಂದು ತಳ್ಳು. ಕುರ್ಚಿಯಿಂದ ಏಳುತ್ತಿರಲಿಲ್ಲ. ನನಗೆ ಆಗ ಇಪ್ಪತ್ತಮೂರು ವರ್ಷ. ಸುವಾರ್ತೆಯಲ್ಲಿ ಒಬ್ಬ ಕುಷ್ಠರೋಗಿ ಬಂದು ಯೇಸುವಿನ ಎದುರು ಮೊಣಕಾಲೂರುವ ಪ್ರಸಂಗವನ್ನು ಸಂಡೇ ಸ್ಕೂಲಿನಿಂದ ಕೇಳಿಕೊಂಡು ಬಂದವನು. ಯೇಸು ಮೊದಲು ವಾಸಿಮಾಡಿ ಆಮೇಲೆ ಮುಟ್ಟಲಿಲ್ಲ. ಮೊದಲು ಮುಟ್ಟಿದ. ಈ ಕ್ರಮವನ್ನು ನಮಗೆ ಯಾವ ಪ್ರಸಂಗಿಯೂ ಒತ್ತಿ ಹೇಳಿದ್ದಿಲ್ಲ. ಆ ಬೆತ್ತವನ್ನು ನೋಡಿದ ಮೇಲೆ ನನಗೇ ಹೊಳೆಯಿತು.

ಹೊಳೆದ ಮಾತ್ರಕ್ಕೆ ಕೈ ಮುಂದೆ ಹೋಗುತ್ತದೆಯೇ? ಸಾಸ್ವೆಹಳ್ಳಿ ಕಡೆ ನಾನು ಒಬ್ಬನೇ ನೋಡಿದ ಮೊದಲ ರೋಗಿ ಒಬ್ಬ ವಯಸ್ಸಾದ ಬೇಸಾಯಗಾರ. ಕಿವಿಯ ಹಾಲೆ ಊದಿ ಜೋಲುತ್ತಿತ್ತು. ಅಂಗಳದಲ್ಲಿ ನಿಂತ ನನ್ನನ್ನು ನೋಡಿ ಅವನೇ, 'ಮುಟ್ಟಬ್ಯಾಡ್ರಿ ಸ್ವಾಮಿ, ದೂರದಿಂದ್ಲೇ ನೋಡ್ರಿ' ಎಂದ. ನನಗೆ ಎಷ್ಟು ನೆಮ್ಮದಿ ಆಯಿತೆಂದರೆ, ಆ ನೆಮ್ಮದಿಗೆ ಇವತ್ತಿಗೂ ನಾಚುತ್ತೇನೆ. ಒಂದು ಗಳಿಗೆ ಸುಮ್ಮನೆ ನಿಂತಿದ್ದೆ. ಆಮೇಲೆ ಮುಟ್ಟಿದೆ. ಅವನ ಮೊಣಕೈ ನನ್ನ ಅಂಗೈಯಲ್ಲಿತ್ತು. ಅವನು ತಲೆ ಎತ್ತದೆ, 'ಏಳು ವರ್ಷ ಆತು' ಎಂದ. ಏನು ಏಳು ವರ್ಷ ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ.

ಹುಡುಗರೇ, ಡಾಕ್ಟರ ಬೆತ್ತದ ಮೇಲೆ ಮಾತ್ರ ನನಗೆ ಸಿಟ್ಟಿತ್ತು ಎಂದುಕೊಳ್ಳಬೇಡಿ. ನಮ್ಮ ಸಭೆಯ ಮೇಲೂ ಇತ್ತು, ಮತ್ತು ಆ ಸಿಟ್ಟು ಹೆಚ್ಚು ಬಿಸಿಯಾಗಿತ್ತು. ನಾವು ಆಗ ಬೆರಳೆಣಿಕೆಯ ಕುಟುಂಬಗಳು. ಬಾಡಿಗೆ ಮನೆಯೊಂದರ ಹಜಾರದಲ್ಲಿ ಆರಾಧನೆ. ನ್ಯಾಮತಿಯ ಹತ್ತಿರದಿಂದ ಸಾರಮ್ಮ ಎಂಬ ವಿಧವೆ ಬಸ್ಸಿನಲ್ಲಿ ಬರುತ್ತಿದ್ದಳು. ಅವಳು ನನ್ನ ಪಟ್ಟಿಯಲ್ಲಿದ್ದ ರೋಗಿ. ಮಾತ್ರೆ ಶುರುವಾಗಿ ಮೂರು ವರ್ಷವಾಗಿತ್ತು, ಅವಳಿಂದ ಯಾರಿಗೂ ರೋಗ ಹತ್ತುವ ಸಂಭವವಿರಲಿಲ್ಲ. ಎರಡು ಬೆರಳು ಮಡಿಚಿಕೊಂಡಿದ್ದವು, ಅಷ್ಟೇ. ಸಭೆಯಲ್ಲಿ ಅವಳಿಗೆ ಬಾಗಿಲ ಪಕ್ಕ ಒಂದು ಚಾಪೆ. ಅದನ್ನು ಯಾರೂ ಅವಳಿಗೆಂದು ಹೇಳಿ ಹಾಕಿದ್ದಲ್ಲ, ಆದರೆ ಬೇರೆ ಯಾರೂ ಅದರ ಮೇಲೆ ಕೂರುತ್ತಿರಲಿಲ್ಲ.

ಒಂದು ಭಾನುವಾರ ನಮ್ಮ ಸಭೆಯ ಪಾದ್ರಿ ಅಯ್ಯನವರು ಕುಷ್ಠವನ್ನು ಪಾಪಕ್ಕೆ ಹೋಲಿಸಿ ಪ್ರಸಂಗ ಮಾಡಿದರು. ಪಾಪ ಹೇಗೆ ಮೈಯನ್ನು ಕೊಳೆಸುತ್ತದೆ, ಹೇಗೆ ಅರಿವೇ ಇಲ್ಲದಂತೆ ಮಾಡುತ್ತದೆ ಎಂದು ಕೈಯೆತ್ತಿ ವಿವರಿಸಿದರು. ಸಾರಮ್ಮ ಮಡಿಚಿದ ಬೆರಳುಗಳನ್ನು ಸೆರಗಿನೊಳಗೆ ಸರಿಸಿಕೊಂಡಳು. ಆಮೇಲೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ. ನಮ್ಮಲ್ಲಿ ಎಲ್ಲರೂ ಒಂದೇ ಪಾತ್ರೆಯಿಂದ ಕುಡಿಯುವುದು. ಹಿರಿಯರೊಬ್ಬರು ಸಾರಮ್ಮನ ಪಾಲನ್ನು ಒಂದು ಸ್ಟೀಲ್ ಲೋಟಕ್ಕೆ ಸುರಿದು, ಚಾಪೆಯ ಅಂಚಿನಲ್ಲಿಟ್ಟು ಹಿಂದಕ್ಕೆ ಬಂದರು. ಲೋಟದ ತಳಕ್ಕೆ ಕೆಂಪು ಬಣ್ಣ ಹಚ್ಚಿದ್ದು ಕಂಡಿತು, ಆ ಮನೆಯ ಬೇರೆ ಲೋಟಗಳ ಜೊತೆ ಬೆರೆಯಬಾರದೆಂದು.

ನಾನು ಎದ್ದು ಹೋಗಿ ಅವಳ ಪಕ್ಕ ಕೂತೆ. ಅವಳು ಕುಡಿದ ಮೇಲೆ ಅದೇ ಲೋಟದಲ್ಲಿ ಉಳಿದಿದ್ದನ್ನು ನಾನು ಕುಡಿದೆ. ಆರಾಧನೆ ಮುಗಿದ ಮೇಲೆ ಅಯ್ಯನವರು ನನ್ನನ್ನು ಹಿತ್ತಲಿಗೆ ಕರೆದರು.

'ಸಮುವೇಲ್, ನಿನ್ನ ಮನಸ್ಸು ಒಳ್ಳೇದು. ಆದ್ರೆ ಹಿಂಗೆ ಮಾಡಿದ್ರೆ ಸಭೆ ಒಡೀತೈತಪ್ಪ.'

'ಒಡೆದೇ ಐತಲ್ರೀ ಅಯ್ಯನವ್ರೆ, ಬಾಗಿಲ ಹತ್ರ' ಎಂದೆ.

ಮಾತು ಚುರುಕಾಗಿತ್ತು. ಆ ವಯಸ್ಸಿನಲ್ಲಿ ಅಂಥ ಮಾತು ಬಾಯಿಗೆ ಬಂದರೆ ಗೆದ್ದೆನೆನಿಸುತ್ತದೆ. ಆದರೆ ಸಾರಮ್ಮ ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನ ಭಾನುವಾರವೂ ಇಲ್ಲ. ಮಾತ್ರೆ ಕೊಡಲು ಹೋದಾಗ ಕೇಳಿದೆ. 'ಎಲ್ಲಾರೂ ನನ್ನೇ ನೋಡಂಗೆ ಮಾಡಿಬಿಟ್ರಿ ತಮ್ಮಾ' ಎಂದಳು. ಬೈಗುಳವೇನಲ್ಲ, ಮೆಲ್ಲಗೇ ಹೇಳಿದಳು. ಸಿಟ್ಟಿನಲ್ಲಿ ನಾನು ಅಯ್ಯನವರನ್ನು ನೋಡಿದ್ದೆ, ಹಿರಿಯರನ್ನು ನೋಡಿದ್ದೆ, ನನ್ನನ್ನೂ ನೋಡಿಕೊಂಡಿದ್ದೆ. ಅವಳಿಗೆ ಏನು ಬೇಕೆಂದು ಕೇಳಿರಲಿಲ್ಲ. ಈ ಪಾಠವನ್ನು ಅಲ್ಲೇ ಕಲಿತಿದ್ದರೆ ಮುಂದಿನದು ನಡೆಯುತ್ತಿರಲಿಲ್ಲವೇನೋ. ಕಲಿಯಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ನನ್ನನ್ನು ಚನ್ನಗಿರಿ ತಾಲ್ಲೂಕಿನ ಹಳ್ಳಿಗಳಿಗೆ ಹಾಕಿದರು. ಕತ್ತಲಗೆರೆ ದಾರಿಯಲ್ಲಿ ಇಳಿದು ಒಳಕ್ಕೆ ನಡೆಯಬೇಕಾದ ಒಂದು ಊರು. ಅದರ ಹೆಸರನ್ನು ಹೇಳುವ ಹಕ್ಕು ನನಗಿಲ್ಲ. ಆ ವರ್ಷ ಮೇಲಿನಿಂದ ಗುರಿ ಬಂದಿತ್ತು, ಪ್ರತಿಯೊಬ್ಬ ಕೆಲಸಗಾರನೂ ಇಷ್ಟು ಹೊಸ ರೋಗಿಗಳನ್ನು ಪತ್ತೆಮಾಡಬೇಕೆಂದು. ಇದನ್ನು ಎರಡು ಸಲ ಓದಿ. ರೋಗ ಎಷ್ಟಿದೆಯೋ ಅಷ್ಟು ಪತ್ತೆಮಾಡಿ ಎಂದಲ್ಲ. ರೋಗ ಇಷ್ಟಿರಲೇಬೇಕು ಎಂದು ಕಚೇರಿಯಲ್ಲಿ ಕೂತು ತೀರ್ಮಾನಿಸಿ, ಅದನ್ನು ಊರುಗಳಲ್ಲಿ ಹುಡುಕಿ ತರಲು ನಮ್ಮನ್ನು ಕಳಿಸುತ್ತಿದ್ದರು. ತಿಂಗಳ ಕೊನೆಯ ಸಭೆಯಲ್ಲಿ ಕಡಿಮೆ ತಂದವನನ್ನು ಡಾಕ್ಟರು ನಿಲ್ಲಿಸಿ ಮಾತಾಡಿಸುತ್ತಿದ್ದರು. ನಾನು ಎರಡು ತಿಂಗಳು ನಿಂತಿದ್ದೆ. ಮೂರನೇ ತಿಂಗಳು ನಿಲ್ಲಬಾರದೆಂದು ನಿಶ್ಚಯಿಸಿದ್ದೆ. ಆ ನಿಶ್ಚಯದೊಂದಿಗೆ ಆ ಊರಿನ ಶಾಲೆಗೆ ಹೋದೆ.

ಶಾಲಾ ತಪಾಸಣೆ ಎಂದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬೆಳಕಿನಲ್ಲಿ ನೋಡುವುದು. ಆರನೇ ತರಗತಿಯಲ್ಲಿ ಕೊಟ್ರಮ್ಮ ಎಂಬ ಹುಡುಗಿ. ಕೆನ್ನೆಯ ಮೇಲೆ ತಿಳಿಬಣ್ಣದ ಒಂದು ಮಚ್ಚೆ. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮುಟ್ಟಿ, ಮುಟ್ಟಿದ ಕಡೆ ಬೆರಳಿಡು ಎಂದೆ. ಹಿಂದೆ ನಲವತ್ತು ಮಕ್ಕಳು ಕಿಸಿಕಿಸಿ ನಗುತ್ತಿದ್ದಾರೆ, ಎದುರಿಗೆ ಗುರುತಿಲ್ಲದ ಗಂಡಸು. ಹುಡುಗಿ ಹೆದರಿ ಕಲ್ಲಿನಂತೆ ನಿಂತಳು, ಬೆರಳೆತ್ತಲಿಲ್ಲ. ಮುಖದ ಮಚ್ಚೆಯಲ್ಲಿ ಈ ಪರೀಕ್ಷೆಯನ್ನು ನಂಬಬೇಡಿ, ಮಕ್ಕಳಲ್ಲಂತೂ ನಂಬಲೇಬೇಡಿ, ಸಂದೇಹವಿದ್ದರೆ ಸುಮ್ಮನೆ ಬರೆದಿಟ್ಟುಕೊಂಡು ಮೂರು ತಿಂಗಳು ಬಿಟ್ಟು ಮತ್ತೆ ನೋಡಿ ಎಂದು ತರಬೇತಿಯಲ್ಲಿ ಹೇಳಿದ್ದರು. ನನಗದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೆಡ್ಮಾಸ್ತರ ಕಡೆ ತಿರುಗಿ, 'ಈ ಹುಡುಗೀಗೆ ಐತೆ ಮೇಷ್ಟ್ರೇ, ತಂದೆ ಹೆಸರು ಹೇಳ್ರಿ' ಎಂದೆ. ಗಟ್ಟಿಯಾಗಿ. ಇಡೀ ಸಾಲಿಗೆ ಕೇಳುವಂತೆ.

ನಾನು ಸೈಕಲ್ ಹತ್ತುವ ಮೊದಲೇ ಕೊಟ್ರಮ್ಮನ ಚೀಲ ತರಗತಿಯಿಂದ ಹೊರಗೆ ಬಂದಿತ್ತು. ಜಗಲಿಯಲ್ಲಿ ಅವಳೊಬ್ಬಳೇ ಕೂತಿದ್ದಳು. ಅದನ್ನು ನೋಡಿದೆ. ನೋಡಿ, ಆಮೇಲೆ ಬಂದು ಎಲ್ಲರಿಗೂ ತಿಳಿಹೇಳಿದರಾಯಿತು ಎಂದುಕೊಂಡು ಹೊರಟೆ. ಡಾಕ್ಟರು ಖುದ್ದಾಗಿ ನೋಡಿ ಖಚಿತಪಡಿಸಬೇಕೆಂಬ ನಿಯಮವಿತ್ತು. ಅವರು ಮೇಜಿನ ಮೇಲೆ ಕಾಗದ ಇಟ್ಟುಕೊಂಡೇ ಸಹಿ ಹಾಕಿದರು. ಆ ತಿಂಗಳ ಸಭೆಯಲ್ಲಿ ನಾನು ನಿಲ್ಲಬೇಕಾಗಲಿಲ್ಲ.

ಐದು ವಾರ ಕಳೆದು ಮಾತ್ರೆ ಕೊಡಲು ಹೋದೆ. ಹುಡುಗಿಯ ತಂದೆ ಹಾಲಪ್ಪ. ಊರಿಗೆ ಇದ್ದುದು ಅವನದೊಂದೇ ಹಿಟ್ಟಿನ ಗಿರಣಿ. ಗಿರಣಿಯ ಬಾಗಿಲು ಹಾಕಿತ್ತು. ಮನೆಯ ಹಿಂದೆ, ಸೌದೆ ಒಟ್ಟುವ ಚಪ್ಪರದಲ್ಲಿ ಹುಡುಗಿ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದಳು. ನನ್ನನ್ನು ನೋಡಿ ತಟ್ಟೆ ಬಿಟ್ಟು ಎದ್ದು ನಿಂತಳು. ಹತ್ತಿರ ಕರೆದು ಬೆಳಕಿಗೆ ಮುಖ ತಿರುಗಿಸಿದೆ. ಮಚ್ಚೆ ಮುಕ್ಕಾಲು ಪಾಲು ಮಾಸಿಹೋಗಿತ್ತು. ಈ ಸಲ ಕೂರಿಸಿ, ನೀರು ಕುಡಿಸಿ, ಸಮಾಧಾನವಾಗಿ ಕಣ್ಣು ಮುಚ್ಚಿಸಿ ಹತ್ತಿ ಆಡಿಸಿದೆ. ಹತ್ತು ಸಲ ಮುಟ್ಟಿದೆ. ಹತ್ತು ಸಲವೂ ಅವಳ ಬೆರಳು ಸರಿಯಾಗಿ ಅಲ್ಲಿಗೇ ಬಂದು ಕೂತಿತು. ಮಕ್ಕಳಿಗೆ ಸುಮ್ಮನೆ ಬರುವ, ಬಿಸಿಲಿಗೋ ಪೌಷ್ಟಿಕತೆ ಸಾಲದೆಯೋ ಬಂದು ತಾನಾಗಿ ಹೋಗುವ ಮಚ್ಚೆ ಅದು. ಮುಟ್ಟಿದ್ದು ಗೊತ್ತಾಗದಿದ್ದುದು ನನಗೆ, ಅವಳಿಗಲ್ಲ.

ಮಾತ್ರೆಯ ಡಬ್ಬಿ ತೆಗೆಯದೆ ಹೊರಟೆ. ಹಾಲಪ್ಪನಿಗೆ ಏನೂ ಹೇಳಲಿಲ್ಲ. ಮೊದಲು ಕಚೇರಿಯಲ್ಲಿ ಹೆಸರು ತೆಗೆಸಿ, ಕಾಗದ ಕೈಯಲ್ಲಿ ಹಿಡಿದುಕೊಂಡೇ ಬರಬೇಕೆಂದುಕೊಂಡೆ. ಈಗ ಯೋಚಿಸಿದರೆ ಅದು ಸಬೂಬು. ಅವನ ಮುಖ ನೋಡುವ ಧೈರ್ಯವಿರಲಿಲ್ಲ.

ಡಾಕ್ಟರು ಕೇಳಿಸಿಕೊಂಡು ನಕ್ಕರು.

'ಏನ್ರೀ ಸಮುವೇಲ್, ಬರ್ದಿರೋ ಕೇಸ್ ತೆಗೆಯಾಕೆ ಬರ್ತದೇನ್ರೀ? ಮೇಲಕ್ಕೆ ವರದಿ ಹೋಗೈತೆ. ಎರಡು ವರ್ಷ ಮಾತ್ರೆ ಕೊಡ್ರಿ. ಆಮೇಲೆ ವಾಸಿಯಾತು ಅಂತ ಬರೀರಿ. ನಿಮ್ಗೂ ಒಳ್ಳೇದು, ಇಲಾಖೆಗೂ ಒಳ್ಳೇದು.'

'ಹುಡುಗೀಗೆ ಸರ್?'

'ವಾಸಿಯಾತು ಅಂತ ಬರೀತೀವಲ್ರೀ. ಇನ್ನೇನು ಬೇಕು ಅವಳಿಗೆ?'

ಇಲ್ಲದ ರೋಗಕ್ಕೆ ಎರಡು ವರ್ಷ ಮಾತ್ರೆ ನುಂಗಿಸಿ, ಆಮೇಲೆ ನಾವೇ ವಾಸಿಮಾಡಿದೆವೆಂದು ಬೆನ್ನು ತಟ್ಟಿಕೊಳ್ಳುವುದು! ಆದರೆ ಪೂರ್ತಿ ಹೇಳಬೇಕಲ್ಲ, ಹೇಳುತ್ತೇನೆ. ಅವರ ಎದುರು ನಾನು 'ಆಗಲಿ ಸರ್' ಎಂದು ಹೊರಗೆ ಬಂದೆ. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಿರಬೇಕು ನಮ್ಮ ಮಾತು ಎಂದು ಕಲಿತವನು ನಾನು. ಅಲ್ಲ ಎನ್ನಬೇಕಾದ ಕಡೆ ಹೌದು ಎಂದು ಬಂದೆ. ಹನ್ನೊಂದು ದಿನ ಆ ಊರಿನ ಕಡೆಗೆ ಸೈಕಲ್ ತಿರುಗಿಸಲಿಲ್ಲ.

ಹನ್ನೆರಡನೆಯ ದಿನ ಭಾನುವಾರ. ಅಯ್ಯನವರು ಅಂದು ಓದಿದ ಭಾಗ ಇದು: ಕಾಣಿಕೆ ತಂದು ಯಜ್ಞವೇದಿಯ ಮುಂದೆ ನಿಂತಾಗ, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ದೂರು ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಬಳಿಗೆ ಹೋಗು. ಅವರಿಗೆ ನನ್ನ ವಿಷಯ ಗೊತ್ತಿರಲಿಲ್ಲ. ಅವರು ಅಣ್ಣತಮ್ಮಂದಿರ ಆಸ್ತಿ ಜಗಳದ ಬಗ್ಗೆ ಪ್ರಸಂಗ ಮಾಡಿದರು. ಕೀರ್ತನೆ ಶುರುವಾಗಿ ಕಾಣಿಕೆ ಚೀಲ ನಮ್ಮ ಸಾಲಿಗೆ ಬಂತು. ಚೀಲವನ್ನು ಪಕ್ಕದವರಿಗೆ ದಾಟಿಸಿ ಎದ್ದುಬಿಟ್ಟೆ. ಹೆಂಡತಿ ಬಾಗಿಲ ತನಕ ಹಿಂದೆಯೇ ಬಂದಳು.

'ಎಲ್ಲಿಗೆ?'

'ವಾಕ್ಯ ಓದಿದ್ರಲ್ಲ, ಅಲ್ಲಿಗೆ.'

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. 'ಸರಿ, ಚಪ್ಪಲಿ ಮೆಟ್ಕಂಡು ಹೋಗ್ರಿ' ಎಂದಳು. ಬರಿಗಾಲಲ್ಲಿ ಬೀದಿಗೆ ಇಳಿದಿದ್ದೆ.

ಬಸ್ಸು ಇಳಿದು ನಡೆದು ಮಧ್ಯಾಹ್ನದ ಹೊತ್ತಿಗೆ ಊರು ಸೇರಿದೆ. ಹಾಲಪ್ಪ ಮುಚ್ಚಿದ ಗಿರಣಿಯ ಮೆಟ್ಟಿಲ ಮೇಲೆ ಕೂತಿದ್ದ. ದಪ್ಪ ಮೀಸೆಯ, ಹಣೆತುಂಬ ವಿಭೂತಿಯ ಆಳು. ಹತ್ತಿರ ಕೂತು, ತಗ್ಗಿದ ದನಿಯಲ್ಲಿ ಎಲ್ಲ ಹೇಳಿದೆ. ನಿಮ್ಮ ಮಗಳಿಗೆ ಆ ರೋಗ ಇಲ್ಲ, ಯಾವತ್ತೂ ಇರಲಿಲ್ಲ, ತಪ್ಪು ನನ್ನದು, ಕ್ಷಮಿಸಿ ಎಂದೆ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

'ಅಲ್ರೀ ಮೇಷ್ಟ್ರೇ, ಐತೆ ಅಂತ ಹೇಳೋವಾಗ ಸಾಲಿ ಹುಡ್ರ ಮುಂದೆಲ್ಲಾ ಕೂಗಿ ಹೇಳಿದ್ರಿ. ಇಲ್ಲ ಅಂತ ಹೇಳಾಕೆ ಈಗ ನನ್ ಕಿವಿಗೆ ಬಂದೀರಾ?'

ಅವನು ಗಿರಣಿಯ ಮುಚ್ಚಿದ ಬಾಗಿಲಿನ ಕಡೆ ಕೈ ತೋರಿಸಿದ.

'ಈ ಗಿರಣಿಗೆ ಒಂದು ಸೇರು ರಾಗಿ ಬಂದು ತಿಂಗಳಾತು. ನನ್ ಗಿರಣಿ ಹೋಗ್ಲಿ. ನಮ್ಮವ್ವ ಆ ಕೂಸಿನ ತಟ್ಟೆ ಬ್ಯಾರೆ ಮಾಡ್ಯಾಳೆ. ನಾನೂ ಸುಮ್ನಿದ್ದೆ. ನೀವು ಓದಿದೋರು ಹೇಳೀರಿ ಅಂತ ನನ್ ಮಗಳನ್ನ ನಾನೇ ಸೌದಿ ಚಪ್ಪರಕ್ಕೆ ಕಳಿಸ್ದೆ. ಈ ಪಾಪ ಯಾರ ತಲಿಗೆ ಕಟ್ಲಿ ಹೇಳ್ರಿ?'

'ಎಲ್ಲಿ ಹೇಳ್ಬೇಕು ಹೇಳ್ರಿ, ಅಲ್ಲಿ ಹೇಳ್ತೀನಿ' ಎಂದೆ.

ಅವನೇ ಎದ್ದು ಹೋಗಿ ತಳವಾರನಿಂದ ಡಂಗುರ ಸಾರಿಸಿದ. ಇಳಿಹೊತ್ತಿಗೆ ಊರ ನಡುವಿನ ಅರಳಿಕಟ್ಟೆಯ ಸುತ್ತ ಜನ ಸೇರಿತು, ಹೆಂಗಸರು ಮನೆ ಬಾಗಿಲುಗಳಲ್ಲಿ ನಿಂತರು. ಹೆಡ್ಮಾಸ್ತರೂ ಬಂದರು. ಕಟ್ಟೆಯ ಮೇಲೆ ನಿಂತು ಹೇಳಿದೆ: 'ಕೊಟ್ರಮ್ಮಗೆ ಆ ರೋಗ ಇಲ್ಲ. ನಾನು ತಪ್ಪು ನೋಡಿ ತಪ್ಪು ಹೇಳಿದೆ. ಅವಳು ನಿಮ್ಮ ಮಕ್ಕಳ ಹಂಗೇ ಶುದ್ಧವಾಗಿದಾಳೆ. ತಪ್ಪು ನಂದು, ಅವಳದಲ್ಲ.' ಹುಡುಗಿಯನ್ನು ಕರೆಸಿ, ಅವಳ ಕೈಯಿಂದ ಒಂದು ಚೊಂಬು ನೀರು ತರಿಸಿ ಎಲ್ಲರ ಮುಂದೆ ಕುಡಿದೆ. ಒಬ್ಬ ಮುದುಕ, 'ಸರ್ಕಾರದೋರು ತಪ್ಪಾತು ಅಂದಿದ್ದು ಇದೇ ಮೊದಲು ಕೇಳಿದ್ದು' ಎಂದ. ಕೆಲವರು ನಕ್ಕರು. ಅಂದು ನಾನು ಹಗುರಾಗಿ ಹಿಂದಿರುಗಿದೆ. ವಾಕ್ಯ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದೆನೆಂಬ ತೃಪ್ತಿ. ಮುಂದಿನ ಭಾನುವಾರ ಕಾಣಿಕೆ ಹಾಕಿದೆ.

ಸುದ್ದಿ ಕಚೇರಿಗೆ ಮುಟ್ಟಿತು. ಡಾಕ್ಟರು ಮೆಮೋ ಕೊಟ್ಟರು. ಇಲಾಖೆಯ ಗೌರವಕ್ಕೆ ಧಕ್ಕೆ, ಮೇಲಧಿಕಾರಿಯ ಅನುಮತಿ ಇಲ್ಲದೆ ಸಾರ್ವಜನಿಕ ಹೇಳಿಕೆ, ಹೀಗೆ ಒಂದು ಪುಟ. ತಪ್ಪು ಪತ್ತೆಗೆ ಮೆಮೋ ಇಲ್ಲ, ತಪ್ಪನ್ನು ಒಪ್ಪಿಕೊಂಡಿದ್ದಕ್ಕೆ ಮೆಮೋ! ಈ ಸಲ ಉತ್ತರದಲ್ಲಿ ನಡೆದುದನ್ನೆಲ್ಲ ಬರೆದು, ನೋಡದೆ ಸಹಿ ಹಾಕಿದವರು ಯಾರೆಂಬುದನ್ನೂ ಬರೆದು, ಒಂದು ಪ್ರತಿ ಜಿಲ್ಲೆಗೆ ಕಳಿಸಿದೆ. ಕೊಟ್ರಮ್ಮನ ಹೆಸರು ಪಟ್ಟಿಯಿಂದ ಹೋಯಿತು. ನಾನು ಚನ್ನಗಿರಿಯಿಂದ ಜಗಳೂರಿಗೆ ಹೋದೆ.

ಜಗಳೂರಿನಲ್ಲಿ ಏಳೆಂಟು ವರ್ಷ ಇದ್ದೆ. ಅಲ್ಲಿದ್ದಾಗಲೇ ನಮ್ಮ ಕೆಲಸದ ರೀತಿ ಬದಲಾಯಿತು. ಮೊದಲು ಒಂದೇ ಮಾತ್ರೆ, ವರ್ಷಗಟ್ಟಲೆ, ಹಲವರಿಗೆ ಸಾಯುವ ತನಕ. ಎಂಬತ್ತರ ದಶಕದ ನಡುವೆ ಮೂರು ಔಷಧ ಸೇರಿಸಿ ಕೊಡುವ ಹೊಸ ಪದ್ಧತಿ ಬಂತು. ತಿಂಗಳಿಗೊಮ್ಮೆ ನಮ್ಮ ಎದುರಿಗೇ ನುಂಗಿಸಬೇಕು. ಸೊಕ್ಕೆಯಲ್ಲಿ ಒಬ್ಬ ಕುರಿಗಾರ ಮೂತ್ರ ಕೆಂಪಾಯಿತೆಂದು ಹೆದರಿ, ಮಾತ್ರೆಗಳನ್ನೆಲ್ಲ ಬಾವಿಗೆ ಸುರಿದ. ಔಷಧದ ಬಣ್ಣ ಅದು ಎಂದು ತಿಳಿಹೇಳಲು ಮೂರು ಸಲ ಹೋದೆ. ಎರಡು ವರ್ಷದಲ್ಲಿ ಅವನ ಮೈ ತಿಳಿಯಾಯಿತು. ಆ ಸಂತೋಷ ನಿಜವಾದದ್ದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಚೇರಿಗಳು ಬದಲಾಗಲಿಲ್ಲ. ಮೊದಲು ಹೆಸರು ಸೇರಿಸಿ ಸೇರಿಸಿ ಎನ್ನುತ್ತಿದ್ದವರು ಈಗ ಹೆಸರು ತೆಗೆಯಿರಿ ತೆಗೆಯಿರಿ ಎನ್ನತೊಡಗಿದರು. ಗುಣವಾದವರ ಜೊತೆ, ಮಾತ್ರೆಯನ್ನೇ ನುಂಗದವರ ಹೆಸರೂ ಹೋಗಬೇಕು. ಅಂಥ ಕಾಗದಗಳಿಗೆ ನಾನು ಸಹಿ ಹಾಕಲಿಲ್ಲ. 'ಆಗಲಿ ಸರ್' ಎಂಬ ಎರಡು ಮಾತು ನನ್ನ ಬಾಯಿಂದ ಮತ್ತೆ ಬರಲಿಲ್ಲ.

ಆ ದಶಕ ಮುಗಿಯುವ ಮೊದಲು ಹೊಸ ಪದ್ಧತಿಯ ಕೆಲಸಕ್ಕೆಂದು ನನ್ನನ್ನು ಮತ್ತೆ ಚನ್ನಗಿರಿ ಕಡೆಗೆ ಕಳಿಸಿದರು. ಆ ಊರೂ ನನ್ನ ಪಾಲಿಗೇ ಬಂತು. ಒಂದು ಬೆಳಿಗ್ಗೆ ಹೋದೆ. ಗಿರಣಿ ನಡೆಯುತ್ತಿತ್ತು. ದೂರದಿಂದಲೇ ಅದರ ಸದ್ದು ಕೇಳಿ ಎದೆ ತಣ್ಣಗಾಯಿತು. ಬಾಗಿಲಲ್ಲಿ ಹೆಂಗಸರ ಸಾಲು, ಡಬ್ಬಿಗಳು, ಗಾಳಿಯಲ್ಲಿ ಹಿಟ್ಟು. ಗಿರಣಿ ನಡೆಸುತ್ತಿದ್ದವಳು ಕೊಟ್ರಮ್ಮ. ತಲೆಗೆ ವಸ್ತ್ರ ಸುತ್ತಿಕೊಂಡು, ರೆಪ್ಪೆಯೆಲ್ಲ ಬೆಳ್ಳಗಾಗಿ ನಿಂತಿದ್ದಳು. ಗಂಡ ಇದೇ ಊರಿಗೆ ಬಂದು ನೆಲೆಸಿದ್ದಾನಂತೆ. ಹಾಲಪ್ಪನಿಗೆ ಉಬ್ಬಸ, ಮನೆಯಲ್ಲೇ ಇದ್ದಾನೆ.

ನನ್ನ ಗುರುತು ಹಿಡಿದಳು. ನಗಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. 'ಕುಂತ್ಕಳ್ರಿ ಮೇಷ್ಟ್ರೇ' ಎಂದು ಮೂಟೆಯೊಂದನ್ನು ತೋರಿಸಿದಳು. ಶಾಲೆಗೆ ಮತ್ತೆ ಹೋದೆಯಾ ಎಂದು ಕೇಳಿದೆ. ಒಂದು ವರ್ಷ ಹೋದಳಂತೆ, ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲವಂತೆ, ಬಿಟ್ಟಳಂತೆ.

'ನಾನು ಕಟ್ಟೆ ಮೇಲೆ ನಿಂತು ಹೇಳಿದ್ನಲ್ಲಮ್ಮ' ಎಂದೆ.

'ಹೇಳಿದ್ರಿ. ಊರು ನಂಬ್ಲಿಲ್ಲ. ನಮ್ಮಪ್ಪ ನಂಬಿದ. ಅವತ್ತು ರಾತ್ರಿ ನನ್ನ ಪಕ್ಕದಾಗ ಕುಂದ್ರಿಸ್ಕಂಡು ಉಂಡ. ಅದಕ್ಕೆ ನಿಮ್ ಮ್ಯಾಲೆ ನಂಗೆ ಸಿಟ್ಟಿಲ್ರಿ.' ಇನ್ನೊಂದು ಡಬ್ಬಿಯ ಕಾಳು ಸುರಿದಳು. ಆಮೇಲೆ ಕೇಳಿದಳು: 'ಆದ್ರೆ ಒಂದು ಮಾತು ಕೇಳ್ತೀನಿ. ನಂಗೆ ಆ ರೋಗ ಇರ್ಲಿಲ್ಲ, ಸರಿ. ಇದ್ದಿದ್ರೆ? ಇದ್ದಿದ್ರೆ ನನ್ನ ಸೌದಿ ಚಪ್ಪರದಾಗ ಕುಂದ್ರಿಸಿದ್ದು ಸರಿ ಆಗ್ತಿತ್ತೇನ್ರೀ?'

ಆ ಕಟ್ಟೆಯ ಮೇಲೆ ನಿಂತು ನಾನೇನು ಹೇಳಿದ್ದೆ? ಅವಳು ಶುದ್ಧವಾಗಿದ್ದಾಳೆ ಎಂದಿದ್ದೆ. ಹಾಗಾದರೆ ರೋಗ ಇದ್ದವರು? ಅದೇ ಊರಿನಲ್ಲಿ ನನ್ನ ಪಟ್ಟಿಯಲ್ಲಿ ಮೂವರು ನಿಜವಾದ ರೋಗಿಗಳಿದ್ದರು. ಅವರೂ ಅಂದು ಜನರ ಹಿಂದೆ ನಿಂತು ಕೇಳಿಸಿಕೊಂಡಿರಬೇಕು. ಬೆತ್ತ ಹಿಡಿದ ಡಾಕ್ಟರನ್ನೂ ಕೆಂಪು ಬಣ್ಣದ ಲೋಟವನ್ನೂ ಬೈಯುತ್ತಾ ಬಂದ ನಾನು, ಇಡೀ ಊರಿನ ಮುಂದೆ ಅದೇ ಮಾತನ್ನು ನಯವಾಗಿ ಹೇಳಿ, ಕಾಣಿಕೆ ಹಾಕಿ, ಹಗುರಾಗಿ ಮಲಗಿದ್ದೆ.

ಆ ಹೊತ್ತಿಗೆ ಸಾಲಿನಲ್ಲಿ ಏನೋ ಗುಜುಗುಜು. ವಯಸ್ಸಾದ ಹೆಂಗಸೊಬ್ಬಳು ಸಾಲಿನಿಂದ ಮಾರುದೂರದಲ್ಲಿ, ಬಿಸಿಲಿನಲ್ಲಿ ಡಬ್ಬಿ ಹಿಡಿದು ನಿಂತಿದ್ದಳು. ದುರ್ಗವ್ವ, ಆ ಮೂವರಲ್ಲಿ ಒಬ್ಬಳು. ಪಾದಕ್ಕೆ ಬಟ್ಟೆ ಸುತ್ತಿತ್ತು. ಕೊಟ್ರಮ್ಮ ಬಾಗಿಲಿಗೆ ಬಂದು ಅವಳನ್ನು ಕರೆದಳು. 'ಬಿಸಲಾಗ್ಯಾಕೆ ನಿಂತೀಯಬೇ, ನೆರಳಿಗೆ ಬಾ, ಸಾಲಿನಾಗೆ ನಿಲ್ಲು.' ಮುಂದಿದ್ದ ಒಬ್ಬಳು ತನ್ನ ಡಬ್ಬಿಯನ್ನು ಸರಕ್ಕನೆ ಎತ್ತಿಕೊಂಡು, 'ಅವಳದು ಕಡೀಗೆ ಬೀಸೇ ಕೊಟ್ರಮ್ಮ, ನಮ್ದೆಲ್ಲಾ ಮುಗೀಲಿ' ಎಂದಳು.

'ಯಾರು ಮೊದ್ಲು ಬಂದಾರೋ ಅವರದು ಮೊದ್ಲು. ಈಯವ್ವ ನಿನಗಿಂತ ಮೊದ್ಲು ಬಂದೈತೆ. ಬ್ಯಾಡಾದೋರು ಮುಂದಿನ ಊರಿಗೆ ಹೋಗಿ ಬೀಸಿಸ್ಕಳ್ರಿ' ಎಂದು ಕೊಟ್ರಮ್ಮ ದುರ್ಗವ್ವನ ಡಬ್ಬಿಯನ್ನು ಬರಿಗೈಯಿಂದ ಇಸಕೊಂಡು, ಅವಳ ಜೋಳವನ್ನು ಸುರಿದಳು. ಹುಡುಗರೇ, ಅವಳು ಸುವಾರ್ತೆಯ ಒಂದು ಸಾಲನ್ನೂ ಓದಿದವಳಲ್ಲ.

ನಾನು ಎದ್ದೆ. ಸಾಲಿನ ಹೆಂಗಸರಿಗೆ ಏನೋ ಹೇಳಲು ಬಾಯಿ ತೆರೆದೆ. ಗಿರಣಿಯ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಲಿಲ್ಲ. ಕೊಟ್ರಮ್ಮ ನನ್ನ ಕಡೆ ನೋಡಿದಳು. ಕೈ ಚಾಚಿ ಮೋಟಾರಿನ ಸ್ವಿಚ್ಚು ಆರಿಸಿದಳು. ಬೆಲ್ಟು ನಿಧಾನವಾಗಿ ನಿಂತಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

'ಈಗ ಹೇಳ್ರಿ ಮೇಷ್ಟ್ರೇ' ಎಂದಳು.

ಅಂದು ಕಟ್ಟೆಯ ಮೇಲೆ ಬಿಟ್ಟಿದ್ದ ಅರ್ಧವನ್ನು ಹೇಳಿದೆ: ರೋಗ ಇದ್ದವರನ್ನೂ ದೂರ ಇಡೋದು ತಪ್ಪೇ ಎಂದು.